ಬರೆಯದೆ ಬಿಟ್ಟ ಗುಣಗಳು

ಜಾಲಪುಟವೊಂದನ್ನು ಎಕ್ಸ್‌ಎಚ್‌ಟಿಎಂಎಲ್ ಪದ್ಧತಿಗೆ ಒಪ್ಪುವಂತೆ ಶ್ರದ್ಧೆಯಿಂದ ಬರೆದು, ಬೇರೆ ಪುಟಕ್ಕೆ ಕರೆದೊಯ್ಯುವ ಕೊಂಡಿಗಳಲ್ಲಿ ವಿಳಾಸವನ್ನಲ್ಲದೆ ಮತ್ತೇನನ್ನೂ ಸೇರಿಸದೆ, ಕೋಷ್ಟಕದ ಮನೆಗಳಲ್ಲಿ ಅಂಕಿಗಳನ್ನಲ್ಲದೆ ಬೇರೇನನ್ನೂ ತುಂಬದೆ, ಆ ಕಡತವನ್ನು ಎಕ್ಸ್‌ಎಸ್‌ಎಲ್‌ಟಿ ಎಂಬ ರೂಪಾಂತರ ಸಾಧನಕ್ಕೆ ಒಪ್ಪಿಸಿ, ಇದ್ದುದನ್ನು ಇದ್ದಂತೆಯೇ ನಕಲು ಮಾಡುವಂತೆ ವಿಧಿಸಿದವರು, ಹೊರಬಂದ ಪ್ರತಿಯನ್ನು ತೆರೆದು ನೋಡಿದಾಗ ತಾವು ಎಂದೂ ಬರೆಯದಿದ್ದ ಹಲವು ಮಾತುಗಳನ್ನು ಅದರಲ್ಲಿ ಕಾಣುವುದುಂಟು. ಪ್ರತಿಯೊಂದು ಕೊಂಡಿಯ ಟ್ಯಾಗಿನೊಳಗೂ ‘ಶೇಪ್’ ಎಂಬ ಗುಣವೂ ಅದಕ್ಕೆ ‘ರೆಕ್ಟ್’ ಎಂಬ ಬೆಲೆಯೂ ಸೇರಿರುತ್ತವೆ. ಕೋಷ್ಟಕದ ಒಂದೊಂದು ಮನೆಯೂ ‘ರೋಸ್ಪ್ಯಾನ್ 1, ಕೋಲ್‌ಸ್ಪ್ಯಾನ್ 1’ ಎಂದು, ಅಂದರೆ ತಾನು ಒಂದೇ ಅಡ್ಡಸಾಲನ್ನೂ ಒಂದೇ ಕಂಬಸಾಲನ್ನೂ ಆಕ್ರಮಿಸಿರುವೆನೆಂದು, ಸಾರಿಕೊಂಡಿರುತ್ತದೆ. ಫಾರಮ್ಮಿನ ಟ್ಯಾಗಿನಲ್ಲಿ ‘ಮೆಥಡ್’ ಎಂಬುದರ ಮುಂದೆ ‘ಗೆಟ್’ ಎಂದಿರುತ್ತದೆ. ಇವುಗಳಲ್ಲಿ ಒಂದೂ ಸುಳ್ಳಲ್ಲ. ಬ್ರೌಸರಿನಲ್ಲಿ ಮೂಡುವ ಪುಟದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ಇಲ್ಲ. ಆದರೂ ಬರೆದವರು ಆಡದ ಮಾತು ಅವರ ಮಾತಿನ ನಡುವೆ ಗುರುತು ಸಿಗದಂತೆ ಬೆರೆತುಹೋಗಿದೆ. ಅದು ಎಲ್ಲಿಂದ ಬಂತು, ಬರಬೇಕಾದದ್ದು ನ್ಯಾಯವೆ, ಬರದಂತೆ ತಡೆಯುವ ಅಧಿಕಾರ ಯಾರದು ಎಂಬುದೇ ಈ ಲೇಖನದ ವಿಚಾರ.

ಎಕ್ಸ್‌ಎಂಎಲ್ ಎಂಬುದು ಬರಹದ ಭಾಗಗಳಿಗೆ ಹೆಸರಿಟ್ಟು ಗುರುತಿಸುವ ಒಂದು ವಿಧಾನ; ಎಕ್ಸ್‌ಎಚ್‌ಟಿಎಂಎಲ್ ಅದರ ನಿಯಮಗಳಿಗೆ ಒಳಪಟ್ಟದ್ದು. ಇದು ಅಧ್ಯಾಯ, ಇದು ಪದ್ಯ, ಇದು ಅಡಿಟಿಪ್ಪಣಿ ಎಂಬಂತೆ ಒಂದೊಂದು ಭಾಗವನ್ನೂ ಆರಂಭದ ಟ್ಯಾಗು ಮತ್ತು ಮುಕ್ತಾಯದ ಟ್ಯಾಗುಗಳ ನಡುವೆ ಇರಿಸಿ, ಆ ಭಾಗದ ವಿಶೇಷಗಳನ್ನು ಆರಂಭದ ಟ್ಯಾಗಿನೊಳಗೆ ಹೆಸರು ಮತ್ತು ಬೆಲೆಗಳ ಜೋಡಿಯಾಗಿ ಬರೆಯುತ್ತಾರೆ. ಈ ಜೋಡಿಗೆ ಅಟ್ರಿಬ್ಯೂಟ್ ಎಂದು ಹೆಸರು, ಇಲ್ಲಿ ಗುಣವೆಂದು ಕರೆಯೋಣ. ಯಾವ ಭಾಗದೊಳಗೆ ಯಾವುದು ಬರಬಹುದು, ಯಾವ ಟ್ಯಾಗಿಗೆ ಯಾವ ಗುಣಗಳು ಸಲ್ಲುತ್ತವೆ ಎಂಬ ನಿಯಮಗಳನ್ನೆಲ್ಲ ಒಟ್ಟುಗೂಡಿಸಿದ ವ್ಯಾಕರಣವೇ ಡಿಟಿಡಿ. ಅದು ಕಡತದ ತಲೆಯಲ್ಲಿಯೇ ಇರಬಹುದು, ಬೇರೊಂದು ಕಡತವಾಗಿ ದೂರದ ಸರ್ವರಿನಲ್ಲಿಯೂ ಇರಬಹುದು. ಒಂದು ಗುಣವನ್ನು ಕುರಿತು ಈ ವ್ಯಾಕರಣವು ನಾಲ್ಕು ಬಗೆಯಲ್ಲಿ ಮಾತನಾಡಬಲ್ಲುದು: ಅದನ್ನು ಬರೆಯಲೇಬೇಕೆನ್ನಬಹುದು, ಬರೆದರೆ ಉಂಟು, ಬರೆಯದಿದ್ದರೆ ಇಲ್ಲವೆನ್ನಬಹುದು, ಬರೆಯದಿದ್ದರೆ ಇಂಥ ಬೆಲೆಯೆಂದು ಭಾವಿಸತಕ್ಕದ್ದೆನ್ನಬಹುದು, ಅಥವಾ ಬರೆದರೂ ಬರೆಯದಿದ್ದರೂ ಬೆಲೆ ಇದೊಂದೇ, ಬೇರೆಯದನ್ನು ಬರೆದರೆ ತಪ್ಪೆಂದು ಕಟ್ಟುಮಾಡಬಹುದು. ಕಡೆಯ ಎರಡು ಬಗೆಗಳಲ್ಲಿ ಬರೆಯದೆ ಬಿಟ್ಟ ಸ್ಥಳವನ್ನು ವ್ಯಾಕರಣವೇ ತುಂಬಿಕೊಡುತ್ತದೆ. ಹಾಗೆ ತುಂಬಿದ ಬೆಲೆಯೇ ಡೀಫಾಲ್ಟ್.

ಈ ಏರ್ಪಾಡು ಎಕ್ಸ್‌ಎಂಎಲ್‌ಗಿಂತ ಹಳೆಯದು. 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಎಸ್‌ಜಿಎಂಎಲ್‌ನಲ್ಲಿ, ಟ್ಯಾಗುಗಳನ್ನು ಮನುಷ್ಯರು ಕೈಯಾರೆ ಬೆರಳಚ್ಚು ಮಾಡುತ್ತಿದ್ದ ಕಾಲದಲ್ಲಿ, ಪದೇ ಪದೇ ಬರುವ ಮಾತನ್ನು ಒಮ್ಮೆ ವ್ಯಾಕರಣದಲ್ಲಿ ಹೇಳಿ ಮುಗಿಸುವುದು ಶ್ರಮವನ್ನು ಉಳಿಸುವ ವಿವೇಕವಾಗಿತ್ತು. 1998ರ ಫೆಬ್ರವರಿ 10ರಂದು ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯು ಎಕ್ಸ್‌ಎಂಎಲ್ 1.0 ನಿರೂಪಣೆಯನ್ನು ಹೊರತಂದಾಗ, ಅದರ ಸಂಪಾದಕರಾದ ಟಿಮ್ ಬ್ರೇ, ಜಾನ್ ಪಾವೊಲಿ ಮತ್ತು ಸ್ಪೆರ್ಬರ್ಗ್-ಮೆಕ್‌ಕ್ವೀನ್ ಅವರ ಕೈಯಲ್ಲಿ ಎಸ್‌ಜಿಎಂಎಲ್‌ನ ಎಷ್ಟೋ ತೊಡಕುಗಳು ಕತ್ತರಿಸಿಹೋದರೂ ಡೀಫಾಲ್ಟ್ ಬೆಲೆಯ ಪದ್ಧತಿ ಉಳಿದುಕೊಂಡಿತು. ಉಳಿದದ್ದು ಮಾತ್ರ ಒಂದು ಹೊಸ ಸಂದಿಗ್ಧದೊಡನೆ. ಎಸ್‌ಜಿಎಂಎಲ್‌ನಲ್ಲಿ ಡಿಟಿಡಿಯನ್ನು ಓದದೆ ಕಡತವನ್ನು ಓದುವಂತೆಯೇ ಇರಲಿಲ್ಲ. ಎಕ್ಸ್‌ಎಂಎಲ್‌ನಲ್ಲಿಯಾದರೋ ಡಿಟಿಡಿಯ ಹಂಗಿಲ್ಲದೆ ಓದುವ ಸ್ವಾತಂತ್ರ್ಯ ದೊರೆಯಿತು.

ಈ ಸ್ವಾತಂತ್ರ್ಯದ ಫಲವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಡತವನ್ನು ಓದಿ ಅರ್ಥಮಾಡಿಕೊಳ್ಳುವ ಪ್ರೋಗ್ರಾಮಿಗೆ ಪಾರ್ಸರ್ ಎಂದು ಹೆಸರು. ವ್ಯಾಕರಣಶುದ್ಧಿಯನ್ನು ಪರೀಕ್ಷಿಸುವ ಪಾರ್ಸರು ಡಿಟಿಡಿಯನ್ನು ಪೂರ್ತಿಯಾಗಿ ಓದಲೇಬೇಕು; ಪರೀಕ್ಷಿಸದೆ ಓದುವ ಪಾರ್ಸರು ಕಡತದ ತಲೆಯಲ್ಲಿರುವ ಭಾಗವನ್ನು ಓದಿ ಅಲ್ಲಿನ ಡೀಫಾಲ್ಟ್ ಬೆಲೆಗಳನ್ನು ಒದಗಿಸಬೇಕಾದರೂ, ಹೊರಗಿರುವ ಡಿಟಿಡಿಯನ್ನು ಓದಲೇಬೇಕೆಂಬ ನಿರ್ಬಂಧವಿಲ್ಲ. ಹೀಗಾಗಿ ಒಂದೇ ಕಡತವನ್ನು ಓದಿದ ಎರಡು ಪ್ರೋಗ್ರಾಮುಗಳ ಪೈಕಿ ಒಂದಕ್ಕೆ ಕಾಣುವ ಗುಣ ಮತ್ತೊಂದಕ್ಕೆ ಕಾಣದೆ ಹೋಗಬಹುದು, ಮತ್ತು ನಿರೂಪಣೆಯ ಪ್ರಕಾರ ಎರಡೂ ನಿರ್ದೋಷಿಗಳೇ. ಸಂಪಾದಕರು ಇದನ್ನು ಅರಿಯದೆ ಇರಲಿಲ್ಲ. ಆದುದರಿಂದಲೇ ಕಡತದ ಮೊದಲ ಸಾಲಿನಲ್ಲಿ ‘ಸ್ಟ್ಯಾಂಡಲೋನ್’ ಎಂಬ ಘೋಷಣೆಗೆ ಅವಕಾಶವಿಟ್ಟು, ಹೊರಗಿನ ಡಿಟಿಡಿಯಿಂದ ಡೀಫಾಲ್ಟ್ ಬೆಲೆಯನ್ನು ಪಡೆಯಬೇಕಾದ ಕಡತವು ಅಲ್ಲಿ ‘ಯೆಸ್’ ಎಂದು ಹೇಳಿಕೊಳ್ಳಲಾಗದೆಂದು ವಿಧಿಸಿದರು. ಬಹುಮಂದಿ ಆ ಘೋಷಣೆಯನ್ನು ಬರೆಯುವುದೇ ಇಲ್ಲವೆಂಬುದು ಬೇರೆ ಮಾತು.

ಇಲ್ಲಿಯವರೆಗೆ ಆದದ್ದು ಓದಿನ ಕಥೆ. ಓದಿದ ದಾಖಲೆಯು ಯಂತ್ರದ ಸ್ಮೃತಿಯಲ್ಲಿ ಕೊಂಬೆರೆಂಬೆಗಳುಳ್ಳ ಒಂದು ಮರದಂತೆ ನಿಂತಿರುತ್ತದೆ; ಅದನ್ನು ತಿದ್ದಿ ಮತ್ತೆ ಸಾಲುಸಾಲಾದ ಅಕ್ಷರಗಳನ್ನಾಗಿ ಹೊರಗೆ ಬರೆಯುವ ಕ್ರಿಯೆಗೆ ಸೀರಿಯಲೈಸ್ ಮಾಡುವುದೆನ್ನುತ್ತಾರೆ. ತೊಡಕು ಹುಟ್ಟುವುದು ಈ ಎರಡನೆಯ ಹೆಜ್ಜೆಯಲ್ಲಿ. ಪಾರ್ಸರು ತುಂಬಿಕೊಟ್ಟ ಗುಣವೂ ಬರೆದವರು ಬರೆದ ಗುಣವೂ ಮರದ ಮೇಲೆ ಒಂದೇ ಬಗೆಯ ಎಲೆಗಳಾಗಿ ತೋರಿದರೆ, ಬರೆಯುವ ಪ್ರೋಗ್ರಾಮು ಕಂಡದ್ದನ್ನೆಲ್ಲ ಬರೆಯುತ್ತದೆ; ಅದರ ತಪ್ಪೇನೂ ಇಲ್ಲ. ಎಕ್ಸ್‌ಎಸ್‌ಎಲ್‌ಟಿಗೆ ಆಧಾರವಾದ ಎಕ್ಸ್‌ಪಾತ್‌ನ ಮಾದರಿಯಲ್ಲಿ, 1999ರಲ್ಲಿ ಅದು ಪ್ರಕಟವಾದಂದಿನಿಂದಲೂ, ಬರೆದ ಗುಣಕ್ಕೂ ತುಂಬಿದ ಗುಣಕ್ಕೂ ಭೇದವೇ ಇಲ್ಲ. ಮೇಲೆ ಹೇಳಿದ ಜಾಲಪುಟದಲ್ಲಿ ‘ರೆಕ್ಟ್’ ಬಂದು ಸೇರಿದ್ದು ಹೀಗೆ. ಭೇದವನ್ನು ಕಾಪಾಡಬೇಕಾದರೆ ಒಂದೊಂದು ಗುಣದೊಡನೆಯೂ ಅದು ಕಡತದಲ್ಲಿಯೇ ಇತ್ತೆ, ಇಲ್ಲವೆ ಎಂಬ ಒಂದು ಚಿಕ್ಕ ಗುರುತನ್ನು ಓದುವಾಗಲೇ ಇಟ್ಟುಕೊಳ್ಳಬೇಕು. ಓಲೆಗರಿಯ ಗ್ರಂಥವನ್ನು ಸಂಪಾದಿಸುವ ವಿದ್ವಾಂಸರು, ಹುಳು ತಿಂದ ಜಾಗದಲ್ಲಿ ತಾವು ಊಹಿಸಿ ತುಂಬಿದ ಅಕ್ಷರಗಳನ್ನು ಕಂಸದೊಳಗಿಟ್ಟು, ಗರಿಯಲ್ಲಿದ್ದುದು ಯಾವುದು, ತಮ್ಮ ಪೂರಣ ಯಾವುದು ಎಂಬುದನ್ನು ಓದುಗನಿಗೆ ಬಿಡಿಸಿ ತೋರಿಸುವುದಿಲ್ಲವೆ? ಆ ಕಂಸದ ಕೆಲಸವನ್ನೇ ಈ ಗುರುತು ಮಾಡುತ್ತದೆ.

ಸ್ಮೃತಿಯಲ್ಲಿ ನಿಂತ ಈ ಮರವನ್ನು ಪ್ರೋಗ್ರಾಮುಗಳು ಬಳಸಬೇಕಾದ ರೀತಿಯನ್ನು ಕುರಿತು 1998ರ ಅಕ್ಟೋಬರಿನಲ್ಲಿ ಡಬ್ಲ್ಯು3ಸಿ ಪ್ರಕಟಿಸಿದ ಡಾಮ್ ಎಂಬ ನಿರೂಪಣೆಯಲ್ಲಿ ಈ ಗುರುತಿಗೆ ‘ಸ್ಪೆಸಿಫೈಡ್’ ಎಂದು ಹೆಸರಿತ್ತು. ಅದರ ನಡವಳಿಕೆ ಬಹಳ ಸೂಕ್ಷ್ಮವಾದದ್ದು. ಕಡತದಲ್ಲಿ ಬರೆದಿದ್ದ ಗುಣಕ್ಕೆ ಗುರುತು ‘ಹೌದು’. ಡಿಟಿಡಿ ತುಂಬಿದ್ದಕ್ಕೆ ‘ಇಲ್ಲ’. ತುಂಬಿದ ಗುಣದ ಬೆಲೆಯನ್ನು ಬಳಕೆದಾರನು ಬದಲಾಯಿಸಿದರೆ, ಬದಲಾಯಿಸಿದ ಮೇಲೂ ಅದು ಮೊದಲಿನ ಬೆಲೆಯೇ ಆಗಿದ್ದರೂ ಸರಿ, ಗುರುತು ‘ಹೌದು’ ಎಂದು ತಿರುಗುತ್ತದೆ. ಏಕೆಂದರೆ ಈಗ ಅದನ್ನು ಒಬ್ಬ ಮನುಷ್ಯನು ತಾನಾಗಿ ಹೇಳಿದ್ದಾನೆ. ಬರೆದ ಗುಣವನ್ನು ಅಳಿಸಿದರೋ, ಅದಕ್ಕೆ ಡಿಟಿಡಿಯಲ್ಲಿ ಡೀಫಾಲ್ಟ್ ಬೆಲೆಯಿದ್ದಲ್ಲಿ, ಅಳಿಸಿದ ಕ್ಷಣವೇ ಆ ಬೆಲೆಯನ್ನು ಹೊತ್ತ ಹೊಸ ಗುಣವೊಂದು ‘ಇಲ್ಲ’ ಎಂಬ ಗುರುತಿನೊಡನೆ ಅದೇ ಸ್ಥಳದಲ್ಲಿ ಬಂದು ನಿಲ್ಲುತ್ತದೆ. ಅಳಿಸಿದರೂ ಅಳಿಯುವುದಿಲ್ಲವೆಂದು ಹೊಸ ಪ್ರೋಗ್ರಾಮರುಗಳು ಗಾಬರಿಪಡುವುದು ಇಲ್ಲಿಯೇ. 2004ರಲ್ಲಿ ಇದೇ ನಿರೂಪಣೆಯ ಮೂರನೆಯ ಮಟ್ಟದಲ್ಲಿ ಓದಿ ಬರೆಯುವ ವಿಧಾನಗಳನ್ನೂ ಸೇರಿಸಿದಾಗ, ಬರೆಯುವ ಪ್ರೋಗ್ರಾಮಿಗೆ ‘ಡಿಸ್ಕಾರ್ಡ್-ಡೀಫಾಲ್ಟ್-ಕಂಟೆಂಟ್’ ಎಂಬ ಆಯ್ಕೆಯನ್ನು ಕೊಟ್ಟು, ವಿಶೇಷವಾಗಿ ಬೇಡವೆನ್ನದಿದ್ದರೆ ಅದು ಆನ್ ಆಗಿಯೇ ಇರತಕ್ಕದ್ದೆಂದರು. ಅಂದರೆ ‘ಇಲ್ಲ’ ಎಂಬ ಗುರುತುಳ್ಳ ಗುಣಗಳನ್ನು ಹೊರಗೆ ಬರೆಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲೆಲ್ಲ ಇದೇ ಹೆಚ್ಚು ವಿಚಾರಪೂರ್ವಕವಾದದ್ದು.

ಗುರುತನ್ನು ಇಟ್ಟುಕೊಳ್ಳುವ ಬದಲು, ಬರೆಯುವಾಗ ಪ್ರತಿಯೊಂದು ಬೆಲೆಯನ್ನೂ ಡಿಟಿಡಿಯೊಡನೆ ಹೋಲಿಸಿ, ಡೀಫಾಲ್ಟಿಗೆ ಸಮವಾದದ್ದನ್ನೆಲ್ಲ ಬಿಟ್ಟುಬಿಟ್ಟರೆ ಸಾಲದೆ ಎಂದು ಕೇಳಬಹುದು. ಸಾಲದು. ಬೆಲೆ ಡೀಫಾಲ್ಟೇ ಆಗಿದ್ದರೂ ಬರೆದವರು ಬೇಕೆಂದೇ ಅದನ್ನು ಸ್ಪಷ್ಟವಾಗಿ ಬರೆದಿರಬಹುದು. ನಾಳೆ ಡಿಟಿಡಿಯ ಹೊಸ ಆವೃತ್ತಿಯಲ್ಲಿ ಡೀಫಾಲ್ಟ್ ಬದಲಾದರೆ, ಬರೆಯದೆ ಬಿಟ್ಟ ಕಡೆಗಳಲ್ಲೆಲ್ಲ ಅರ್ಥ ಬದಲಾಗಿ, ಸ್ಪಷ್ಟವಾಗಿ ಬರೆದ ಕಡೆಯಲ್ಲಿ ಮಾತ್ರ ಹಳೆಯದೇ ಉಳಿಯುತ್ತದೆ. ಹಾಗೆ ಉಳಿಯಲೆಂದೇ ಅವರು ಬರೆದದ್ದು. ತುಂಬಿದ್ದನ್ನೆಲ್ಲ ಬರೆದುಬಿಡುವ ಪ್ರೋಗ್ರಾಮು, ಮುಂದಿನ ವ್ಯಾಕರಣಕ್ಕೆ ಒಪ್ಪಿಸಿಬಿಟ್ಟಿದ್ದ ಮಾತನ್ನು ಇಂದಿಗೇ ಕಟ್ಟಿಹಾಕುತ್ತದೆ. ಸಮವಾದದ್ದನ್ನೆಲ್ಲ ಬಿಡುವ ಪ್ರೋಗ್ರಾಮು, ಕಟ್ಟಿದ್ದ ಮಾತನ್ನು ಬಿಚ್ಚಿಬಿಡುತ್ತದೆ. ಎರಡೂ ಲೇಖಕನ ಮಾತಿನಲ್ಲಿ ಕೈಯಾಡಿಸಿದಂತೆಯೇ ಸರಿ.

ಪ್ರಾಚೀನ ಗ್ರಂಥಗಳನ್ನು ಗಣಕಕ್ಕೆ ಏರಿಸುವವರಲ್ಲಿ ಪ್ರಸಿದ್ಧವಾದ ಟಿಇಐ ಪದ್ಧತಿಯ ಉದಾಹರಣೆಯಿಂದ ಇದು ಇನ್ನೂ ವಿಶದವಾಗುತ್ತದೆ. 1987ರಲ್ಲಿ ಆರಂಭವಾದ ಈ ಪ್ರಯತ್ನದ ಸಂಪಾದಕರಲ್ಲೊಬ್ಬರು, ಎಕ್ಸ್‌ಎಂಎಲ್‌ನ ಸಂಪಾದಕರೂ ಆದ ಸ್ಪೆರ್ಬರ್ಗ್-ಮೆಕ್‌ಕ್ವೀನ್ ಅವರೇ. ಮತ್ತೊಬ್ಬರು ಲೂ ಬರ್ನಾರ್ಡ್. 2002ರಲ್ಲಿ ಹೊರಬಂದ ಅದರ ನಾಲ್ಕನೆಯ ಆವೃತ್ತಿಯ ಡಿಟಿಡಿಯಲ್ಲಿ ಪದ್ಯದ ಸಾಲಿಗೆ ‘ಎಲ್’ ಎಂಬ ಟ್ಯಾಗು. ಅದಕ್ಕೆ ‘ಪಾರ್ಟ್’ ಎಂಬ ಗುಣವೊಂದುಂಟು: ಸಾಲು ಪೂರ್ಣವಾಗಿಲ್ಲದೆ ತುಂಡಾಗಿದ್ದರೆ ಅದನ್ನು ಸೂಚಿಸುವುದಕ್ಕೆ; ಡೀಫಾಲ್ಟ್ ಬೆಲೆ ‘ಎನ್’, ಅಂದರೆ ತುಂಡಲ್ಲ. ಇದಲ್ಲದೆ ಎಲ್ಲ ಟ್ಯಾಗುಗಳಿಗೂ ‘ಟಿಇಐಫಾರ್ಮ್’ ಎಂಬ ಗುಣವಿದ್ದು, ಆಯಾ ಟ್ಯಾಗಿನ ಮೂಲನಾಮವೇ ಅದರ ಡೀಫಾಲ್ಟ್ ಬೆಲೆ. ಇದು ನಿರರ್ಥಕವಾದ ಏರ್ಪಾಡಲ್ಲ. ಟ್ಯಾಗಿನ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಲು ಎಕ್ಸ್‌ಎಂಎಲ್‌ನಲ್ಲಿ ಮೊದಲಿನಿಂದಲೂ ಅನುಮತಿ ಇರುವುದರಿಂದ, ಕನ್ನಡದ ಸಂಪಾದಕರೊಬ್ಬರು ‘ಎಲ್’ ಎಂಬುದನ್ನು ‘ಸಾಲು’ ಎಂದು ಬದಲಾಯಿಸಿಕೊಂಡರೂ, ಡಿಟಿಡಿಯಲ್ಲಿ ‘ಸಾಲು’ ಎಂಬುದರ ಟಿಇಐಫಾರ್ಮ್ ‘ಎಲ್’ ಎಂದು ಒಮ್ಮೆ ಹೇಳಿದ್ದರೆ, ಬೇರೆ ದೇಶದ ಪ್ರೋಗ್ರಾಮು ಕೂಡ ಅದನ್ನು ಪದ್ಯದ ಸಾಲೆಂದು ತಿಳಿಯಬಲ್ಲುದು. ಆದರೆ ಬರೆಯುವ ಪ್ರೋಗ್ರಾಮು ಎಚ್ಚರ ತಪ್ಪಿದರೆ ಆಗುವ ಅನಾಹುತವನ್ನು ಲೆಕ್ಕ ಹಾಕಿ ನೋಡಿರಿ. ಷಟ್ಪದಿಯೊಂದಕ್ಕೆ ಆರು ಸಾಲು. ಸಾವಿರ ಷಟ್ಪದಿಗಳ ಕಾವ್ಯಕ್ಕೆ ಆರು ಸಾವಿರ ಸಾಲು. ಸಾಲಿಗೆ ಎರಡರಂತೆ ಹನ್ನೆರಡು ಸಾವಿರ ಗುಣಗಳು, ಯಾರೂ ಬರೆಯದಿದ್ದವು, ಒಂದೇ ಸಲದ ಸೇವ್‌ನಲ್ಲಿ ಕಡತವನ್ನು ಹೊಕ್ಕು ಕೂರುತ್ತವೆ. ಆ ಬಳಿಕ ಎರಡು ಪ್ರತಿಗಳನ್ನು ಹೋಲಿಸಿ, ನೆನ್ನೆ ತಿದ್ದಿದ ಪಾಠ ಯಾವುದೆಂದು ಹುಡುಕುವ ಸಂಪಾದಕನಿಗೆ ಪ್ರತಿಯೊಂದು ಸಾಲೂ ಬದಲಾದಂತೆ ಕಾಣುವುದರಿಂದ, ನಿಜವಾಗಿ ತಿದ್ದಿದ ಒಂದು ಅಕ್ಷರ ಆ ರಾಶಿಯಲ್ಲಿ ಅಡಗಿಹೋಗುತ್ತದೆ. 2007ರ ಐದನೆಯ ಆವೃತ್ತಿಯಲ್ಲಿ ಟಿಇಐಫಾರ್ಮ್ ಗುಣವನ್ನು ಕೈಬಿಟ್ಟರು.

ಹಾಗಾದರೆ ತುಂಬಿದ ಗುಣಗಳನ್ನು ಎಂದೂ ಬರೆಯಬಾರದೆಂದು ತೀರ್ಮಾನಿಸುವುದೂ ಸರಿಯಾಗದು. ಬರೆಯದೆ ಹೋದರೆ ಕಡತವೇ ಅರ್ಥಹೀನವಾಗುವ ಪ್ರಸಂಗಗಳುಂಟು. ಯಂತ್ರಗಳ ಮತ್ತು ಸಾಫ್ಟ್‌ವೇರಿನ ಕೈಪಿಡಿಗಳನ್ನು ಬರೆಯುವವರಲ್ಲಿ ಬಳಕೆಯಲ್ಲಿರುವ ಡಿಟಾ ಪದ್ಧತಿಯಲ್ಲಿ, ಪ್ರತಿಯೊಂದು ಟ್ಯಾಗಿನ ಕುಲಗೋತ್ರವೂ ‘ಕ್ಲಾಸ್’ ಎಂಬ ಗುಣದಲ್ಲಿ ಡೀಫಾಲ್ಟ್ ಬೆಲೆಯಾಗಿ ಅಡಗಿರುತ್ತದೆ. ‘ಕಾನ್ಸೆಪ್ಟ್’ ಎಂಬ ಟ್ಯಾಗು ‘ಟಾಪಿಕ್’ ಎಂಬ ಮೂಲದಿಂದ ಹುಟ್ಟಿದ್ದೆಂಬುದನ್ನು ಆ ಬೆಲೆಯೇ ಹೇಳುತ್ತದೆ. ಅಚ್ಚಿಗೆ ಸಿದ್ಧಪಡಿಸುವ ಪ್ರೋಗ್ರಾಮುಗಳು ಟ್ಯಾಗಿನ ಹೆಸರನ್ನು ನೋಡದೆ ಈ ಗುಣವನ್ನೇ ನೋಡಿ ಕೆಲಸ ಮಾಡುತ್ತವೆ. ಲೇಖಕರು ಅದನ್ನು ಎಂದೂ ಕೈಯಾರೆ ಬರೆಯುವುದಿಲ್ಲ. ಡಿಟಿಡಿಯನ್ನು ಓದದ ಪಾರ್ಸರಿನ ಕೈಗೆ ಅಂಥ ಕಡತ ಸಿಕ್ಕಿದರೆ ಎಲ್ಲ ಟ್ಯಾಗುಗಳೂ ಕುಲ ತಿಳಿಯದ ಅನಾಮಿಕರಂತಾಗಿ, ಪುಟದಲ್ಲಿ ಏನೂ ಮೂಡದೆ ಹೋಗುತ್ತದೆ.

ಇದಕ್ಕಿಂತ ಸಾಮಾನ್ಯರ ಅನುಭವಕ್ಕೆ ಬರುವಂಥದ್ದು ಎಸ್‌ವಿಜಿ ಚಿತ್ರಗಳ ಸಂಗತಿ. ರೇಖೆಗಳನ್ನೂ ಬಣ್ಣಗಳನ್ನೂ ಎಕ್ಸ್‌ಎಂಎಲ್ ಟ್ಯಾಗುಗಳಲ್ಲಿ ಬರೆದಿಡುವ ಈ ಪದ್ಧತಿಯ 1.0 ನಿರೂಪಣೆ 2001ರಲ್ಲಿಯೂ 1.1 ನಿರೂಪಣೆ 2003ರಲ್ಲಿಯೂ ಬಂದವು. ಈ ಟ್ಯಾಗುಗಳು ಚಿತ್ರಕ್ಕೆ ಸೇರಿದವೆಂದು ಸಾರುವ ‘ಎಕ್ಸ್‌ಎಂಎಲ್‌ಎನ್‌ಎಸ್’ ಎಂಬ ನಾಮಾವಕಾಶದ ಘೋಷಣೆಯನ್ನು ಅವುಗಳ ಡಿಟಿಡಿಯಲ್ಲಿ ಬದಲಾಯಿಸಬಾರದ ಬೆಲೆಯಾಗಿ ಕಟ್ಟುಮಾಡಿದ್ದರು. ಹೀಗಿರುವುದರಿಂದ ಆ ಘೋಷಣೆಯನ್ನು ಬರೆಯದಿದ್ದರೂ ವ್ಯಾಕರಣದ ದೃಷ್ಟಿಯಿಂದ ಚಿತ್ರ ನಿರ್ದುಷ್ಟವಾದದ್ದೇ. ಡಿಟಿಡಿಯನ್ನು ಓದುವ ಪ್ರೋಗ್ರಾಮಿನಲ್ಲಿ ಅದು ಸರಿಯಾಗಿಯೇ ಮೂಡುತ್ತದೆ. ಬ್ರೌಸರುಗಳು ಮಾತ್ರ ಹೊರಗಿನ ಡಿಟಿಡಿಯನ್ನು ತರಿಸಿ ಓದುವುದಿಲ್ಲ. ಆದುದರಿಂದ ಅದೇ ಕಡತವನ್ನು ಬ್ರೌಸರಿನಲ್ಲಿ ತೆರೆದವನಿಗೆ ಚಿತ್ರದ ಬದಲು ಟ್ಯಾಗುಗಳ ಪಟ್ಟಿಯೇ ಎದುರಾಗುತ್ತದೆ. ಇದೇ ಡಿಟಿಡಿಯಲ್ಲಿರುವ ‘ಜೂಮ್ಆಂಡ್‌ಪ್ಯಾನ್’, ‘ಪ್ರಿಸರ್ವ್‌ಆಸ್ಪೆಕ್ಟ್‌ರೇಷಿಯೊ’ ಮುಂತಾದ ಡೀಫಾಲ್ಟುಗಳನ್ನಾದರೋ ಕೆಲವು ಪ್ರೋಗ್ರಾಮುಗಳು ಸೇವ್ ಮಾಡುವಾಗಲೆಲ್ಲ ಚಿತ್ರದ ಮೊದಲ ಟ್ಯಾಗಿನಲ್ಲಿ ಬರೆಯುತ್ತವೆ. ಅವನ್ನು ಬರೆಯದಿದ್ದರೆ ನಷ್ಟವೇನೂ ಇಲ್ಲ. ಒಂದೇ ವ್ಯಾಕರಣದ ಎರಡು ಡೀಫಾಲ್ಟುಗಳಲ್ಲಿ ಒಂದು ಬರೆಯದಿದ್ದರೆ ಚಿತ್ರವೇ ಹೋಗುವಂಥದ್ದು, ಮತ್ತೊಂದು ಬರೆದರೂ ಬರೆಯದಿದ್ದರೂ ಸಮಾನವಾದದ್ದು. ಯಂತ್ರಕ್ಕೆ ಈ ತಾರತಮ್ಯ ತಿಳಿಯದು, ಹೇಳಿಕೊಡಬೇಕಾದವರು ನಾವು.

ಡಿಜಿಟಲ್ ಸಹಿಯ ವಿಷಯದಲ್ಲಿ ತೊಡಕು ಮತ್ತೊಂದು ಬಗೆಯದು. ಸಹಿ ನಿಲ್ಲುವುದು ಕಡತದ ಒಂದೊಂದು ಬೈಟಿನ ಮೇಲೆ. ಒಂದು ಅಕ್ಷರ ಹೆಚ್ಚಾದರೂ ಅದು ಮುರಿದುಬೀಳುತ್ತದೆ. ಆದುದರಿಂದ ಸಹಿ ಹಾಕುವ ಮೊದಲು ಕಡತವನ್ನು ಒಂದು ನಿಯತರೂಪಕ್ಕೆ ತರುವ ಕ್ರಮವನ್ನು ಡಬ್ಲ್ಯು3ಸಿ 2001ರ ಮಾರ್ಚ್ 15ರಂದು ಪ್ರಕಟಿಸಿತು. ಆ ನಿಯತರೂಪದಲ್ಲಿ ಡೀಫಾಲ್ಟ್ ಗುಣಗಳನ್ನೆಲ್ಲ ಸ್ಪಷ್ಟವಾಗಿ ಬರೆದು, ಡಿಟಿಡಿಯ ಉಲ್ಲೇಖವನ್ನೇ ತೆಗೆದುಹಾಕತಕ್ಕದ್ದು. ಕಡತವು ವ್ಯಾಕರಣದ ಆಸರೆಯಿಲ್ಲದೆ ಹೊರಡುವುದಾದ್ದರಿಂದ ಇದು ತರ್ಕಶುದ್ಧವಾದ ನಿರ್ಣಯವೇ. ಆದರೆ ಸಹಿ ಹಾಕಿದವರ ಪಾರ್ಸರು ಡಿಟಿಡಿಯನ್ನು ಓದಿ, ಸಹಿಯನ್ನು ಪರೀಕ್ಷಿಸುವವರ ಪಾರ್ಸರು ಓದದೆ ಹೋದರೆ, ಎರಡು ನಿಯತರೂಪಗಳೂ ಬೇರೆಬೇರೆಯಾಗಿ, ಯಾರೂ ಮುಟ್ಟದ ಕಡತವನ್ನು ಯಾರೋ ತಿದ್ದಿದರೆಂಬ ಸಂಶಯ ಹುಟ್ಟುತ್ತದೆ.

ಡಿಟಿಡಿಯ ಬದಲು ಬಳಕೆಗೆ ಬಂದ ಎಕ್ಸ್‌ಎಂಎಲ್ ಸ್ಕೀಮಾದಲ್ಲಿಯೂ ಡೀಫಾಲ್ಟ್ ಬೆಲೆಗಳು ಮುಂದುವರಿದವು; ಬೆಲೆ ಬಂದದ್ದು ಕಡತದಿಂದಲೋ ಸ್ಕೀಮಾದಿಂದಲೋ ಎಂಬುದನ್ನು ಗುರುತಿಸುವ ಏರ್ಪಾಡು ಅಲ್ಲಿಯೂ ಉಂಟು. ಜೇಮ್ಸ್ ಕ್ಲಾರ್ಕ್ ಮತ್ತು ಮುರಾತ ಮಕೋತೊ 2001ರಲ್ಲಿ ರೂಪಿಸಿದ ರಿಲ್ಯಾಕ್ಸ್ ಎನ್‌ಜಿ ಮಾತ್ರ ಬೇರೆ ಹಾದಿ ಹಿಡಿಯಿತು. ವ್ಯಾಕರಣದ ಕೆಲಸ ತಪ್ಪುಒಪ್ಪುಗಳನ್ನು ಹೇಳುವುದು. ಪರೀಕ್ಷಿಸಿದ ಮಾತ್ರಕ್ಕೆ ಕಡತದಲ್ಲಿರುವುದು ಬದಲಾಗಕೂಡದು ಎಂಬುದು ಅದರ ನಿಲುವು. ಹಳೆಯ ಅಭ್ಯಾಸವಿರುವವರ ಸಲುವಾಗಿ ಡೀಫಾಲ್ಟುಗಳನ್ನು ಸೂಚಿಸುವ ಉಪಾಯವನ್ನು ಪ್ರತ್ಯೇಕವಾದ ನಿರೂಪಣೆಯೊಂದರಲ್ಲಿ ಇರಿಸಿದರು. ಈ ನಿಲುವು ಸರ್ವತ್ರ ಅಂಗೀಕೃತವಾಗಿದ್ದರೆ ಈ ಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲವೆಂದು ನಾನು ನಂಬುತ್ತೇನೆ. ಆದರೆ ಡಿಟಾದಂಥ ಪದ್ಧತಿಗಳು ಬೇರೂರಿರುವ ಲೋಕದಲ್ಲಿ ಅದನ್ನು ಈಗ ಒತ್ತಾಯಿಸುವಂತಿಲ್ಲ.

ಪ್ರೋಗ್ರಾಮುಗಳನ್ನು ರಚಿಸುವವರು ಬಳಕೆದಾರರಿಗೆ ಆಯ್ಕೆಯನ್ನು ಕೊಟ್ಟೇ ಇದ್ದಾರೆ. ಸ್ಯಾಕ್ಸನ್ ಎಂಬ ಎಕ್ಸ್‌ಎಸ್‌ಎಲ್‌ಟಿ ಸಾಧನದಲ್ಲಿ ‘ಎಕ್ಸ್‌ಪ್ಯಾಂಡ್’ ಎಂಬುದನ್ನು ಆಫ್ ಮಾಡಿದರೆ ಡೀಫಾಲ್ಟುಗಳು ಸೇರುವುದಿಲ್ಲ. ಲಿಬ್‌ಎಕ್ಸ್‌ಎಂಎಲ್2 ಸಾಧನವು ಹೊರಗಿನ ಡಿಟಿಡಿಯ ಡೀಫಾಲ್ಟುಗಳನ್ನು ಬೇಕೆಂದು ಕೇಳಿದರೆ ಮಾತ್ರ ಸೇರಿಸುತ್ತದೆ. ಡಾಟ್‌ನೆಟ್ ಎಂಬ ಪ್ರೋಗ್ರಾಮಿಂಗ್ ವ್ಯವಸ್ಥೆಯಲ್ಲಿ ಓದಿದ್ದನ್ನು ನಕಲು ಮಾಡುವ ವಿಧಾನಕ್ಕೆ, ಡೀಫಾಲ್ಟ್ ಗುಣಗಳನ್ನೂ ಬರೆಯಬೇಕೆ ಬೇಡವೆ ಎಂಬುದನ್ನು ಪ್ರತಿ ಸಲವೂ ಹೇಳಿಯೇ ಕರೆಯಬೇಕು. ಇವುಗಳಲ್ಲಿ ಕಡೆಯದೇ ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಏಕೆಂದರೆ ಅಲ್ಲಿ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವ ದಾರಿಯಿಲ್ಲ. ಖೇದದ ಸಂಗತಿಯೆಂದರೆ, ಬ್ರೌಸರುಗಳು ಇಂದು ಅನುಸರಿಸುವ ಡಾಮ್ ನಿರೂಪಣೆಯಲ್ಲಿ ‘ಸ್ಪೆಸಿಫೈಡ್’ ಎಂಬ ಗುರುತು ಹೆಸರಿಗೆ ಮಾತ್ರ ಉಳಿದಿದ್ದು, ಯಾವ ಗುಣವನ್ನು ಕುರಿತು ಕೇಳಿದರೂ ‘ಹೌದು’ ಎಂದೇ ಉತ್ತರಿಸುತ್ತದೆ.

ಡಿಟಿಡಿಯನ್ನು ಓದುವ ಅಭ್ಯಾಸವೇ ಕ್ಷೀಣಿಸುತ್ತಿರುವುದಕ್ಕೆ ಬೇರೆ ಕಾರಣಗಳೂ ಕೂಡಿಬಂದಿವೆ. ಹೊರಗಿನ ಕಡತವನ್ನು ತರಿಸಿಕೊಳ್ಳುವ ಪಾರ್ಸರಿನ ಮೂಲಕ ಯಂತ್ರದೊಳಗಿನ ಗುಟ್ಟುಗಳನ್ನು ಕದಿಯಬಹುದೆಂದು ತಿಳಿದ ಮೇಲೆ, ಭದ್ರತೆಯ ದೃಷ್ಟಿಯಿಂದ ಆ ಬಾಗಿಲನ್ನೇ ಮುಚ್ಚಿಡುವುದು ರೂಢಿಯಾಗಿದೆ. ತರಿಸಿಕೊಳ್ಳುವವರಿಂದ ಒದಗಿಸುವವರಿಗೂ ಕಷ್ಟವೇ ಆಗಿತ್ತು: ತನ್ನ ಡಿಟಿಡಿಗಳಿಗಾಗಿ ದಿನವೊಂದಕ್ಕೆ 13 ಕೋಟಿಯವರೆಗೂ ಕೋರಿಕೆಗಳು ಬರುತ್ತಿವೆಯೆಂದು ಡಬ್ಲ್ಯು3ಸಿ 2008ರಲ್ಲಿ ಹೇಳಿಕೊಂಡಿತು. ಡಿಟಿಡಿಯ ಒಂದು ಪ್ರತಿಯನ್ನು ತಮ್ಮಲ್ಲೇ ಇರಿಸಿಕೊಂಡು, ದೂರದ ವಿಳಾಸ ಕಂಡಾಗ ಈ ಸ್ಥಳೀಯ ಪ್ರತಿಯನ್ನೇ ಓದೆಂದು ಪಾರ್ಸರಿಗೆ ತಿಳಿಸುವ ಕ್ಯಾಟಲಾಗ್ ಎಂಬ ವ್ಯವಸ್ಥೆ ಇರುವಾಗ, ಇಷ್ಟು ಕೋರಿಕೆಗಳು ಅಗತ್ಯವೂ ಆಗಿರಲಿಲ್ಲ.

ಗ್ರಂಥಗಳನ್ನೂ ದಾಖಲೆಗಳನ್ನೂ ಬಹುಕಾಲ ಕಾಪಾಡಬೇಕೆಂದಿರುವ ಸಂಸ್ಥೆಗಳಿಗೆ ನಾನು ಹೇಳಬಯಸುವುದಿಷ್ಟೆ: ಮೂಲಪ್ರತಿಯಲ್ಲಿ ಬರೆದುದನ್ನು ಮಾತ್ರ ಬರೆದಂತೆಯೇ ಇರಿಸಿ, ಅದರ ಪಕ್ಕದಲ್ಲಿಯೇ ಅದು ಯಾವ ಡಿಟಿಡಿಗೆ ಅನುಸಾರವಾಗಿದೆಯೋ ಅದೇ ಆವೃತ್ತಿಯ ಪ್ರತಿಯನ್ನೂ ಕ್ಯಾಟಲಾಗನ್ನೂ ಇಡತಕ್ಕದ್ದು, ಹೊರಗಿನವರಿಗೆ ಕೊಡುವ ಪ್ರತಿಯನ್ನು ಇವುಗಳಿಂದ ಆಗಾಗ ಹೊಸದಾಗಿ ತಯಾರಿಸಿ, ಅದರಲ್ಲಿ ಡೀಫಾಲ್ಟುಗಳನ್ನೂ ನಾಮಾವಕಾಶವನ್ನೂ ಪೂರ್ತಿಯಾಗಿ ಬರೆದು, ಡಿಟಿಡಿಯ ಉಲ್ಲೇಖವನ್ನು ತೆಗೆದು, ‘ಸ್ಟ್ಯಾಂಡಲೋನ್’ ಎಂದು ಘೋಷಿಸಿಬಿಡತಕ್ಕದ್ದು. ಮೊದಲನೆಯದರಿಂದ ಎರಡನೆಯದನ್ನು ಯಾವಾಗ ಬೇಕಾದರೂ ಪಡೆಯಬಹುದು. ಎರಡನೆಯದು ಮಾತ್ರ ಉಳಿದಿದ್ದರೆ, ಅದರಲ್ಲಿರುವ ‘ಪಾರ್ಟ್ ಎನ್’ ಎಂಬುದು ಆ ಸಾಲು ತುಂಡಲ್ಲವೆಂದು ಸಂಪಾದಕರು ಪರಿಶೀಲಿಸಿ ಬರೆದದ್ದೋ, ಡಿಟಿಡಿ ತಾನಾಗಿ ತುಂಬಿದ್ದೋ ಎಂಬುದನ್ನು ಕಂಡುಹಿಡಿಯುವ ಉಪಾಯವಿಲ್ಲ.